ಗಿಡಮರಗಳು ಹೇಳುವ ಎತ್ತರ

ಕುಮಾರಪರ್ವತವನ್ನು ಹತ್ತಿ ಬಂದವರನ್ನು ದಾರಿಯಲ್ಲಿ ಏನು ಕಂಡಿರೆಂದು ಕೇಳಿದರೆ, ಬಹುಮಂದಿ ಹೇಳುವುದು ಕಾಲುನೋವಿನ ಕಥೆಯನ್ನೇ. ಮೊದಲ ಸಲ ನಾನೂ ಶಿಖರವೊಂದನ್ನೇ ನೆನೆಯುತ್ತ ನಡೆದೆ. ಎರಡನೆಯ ಸಲ ವಿದ್ಯಾರ್ಥಿಗಳೊಡನೆ ನಿಧಾನವಾಗಿ ಹತ್ತಿದಾಗ, ಗಿಡಮರಗಳೇ ಎತ್ತರವನ್ನು ತೋರಿಸುವ ಮಾಪಕಗಳೆಂಬುದು ಮನದಟ್ಟಾಯಿತು.

ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟ ಹಾದಿ ಮೊದಲು ದಟ್ಟವಾದ ಕಾಡನ್ನು ಹೊಗುತ್ತದೆ. ಇಲ್ಲಿ ಕೊರತೆ ನೀರಿನದಲ್ಲ, ಬೆಳಕಿನದು. ಆದುದರಿಂದ ಮರಗಳು ನೆಟ್ಟಗೆ ಮೇಲೇರುತ್ತವೆ. ಬೆತ್ತದ ಬಳ್ಳಿ ಮುಳ್ಳುಗಳನ್ನೇ ಕೊಕ್ಕೆಯಾಗಿಸಿ ನೆರೆಯ ಮರವನ್ನು ಹತ್ತುತ್ತದೆ. ಸೀತಾಳೆಯಂಥ ಗಿಡಗಳು ನೆಲದ ಗೊಡವೆಯನ್ನೇ ಬಿಟ್ಟು ಕೊಂಬೆಗಳ ಮೇಲೆ ನೆಲೆಸಿವೆ. ಇವು ಬಂದಣಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಮಳೆಯ ನೀರನ್ನೂ ಗಾಳಿಯ ತೇವವನ್ನೂ ತಮ್ಮ ಬೇರುಗಳಿಂದಲೇ ಹೀರಿಕೊಳ್ಳುತ್ತವೆ.

ಮೇಲೇರಿದಂತೆ ವಾಯುಭಾರ ತಗ್ಗುತ್ತದೆ. ಕಡಲ ಕಡೆಯಿಂದ ಬೀಸಿ ಬೆಟ್ಟವನ್ನೇರುವ ಗಾಳಿ ಹಿಗ್ಗುತ್ತದೆ. ಹಿಗ್ಗುವ ಕೆಲಸಕ್ಕೆ ತನ್ನ ಶಾಖವನ್ನೇ ವೆಚ್ಚಮಾಡಿ ತಣಿಯುತ್ತದೆ. ಸಾಮಾನ್ಯವಾಗಿ ಕಿಲೋಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆ ಇಳಿಯುವುದು. ಶಿಖರದ ಎತ್ತರ 1,712 ಮೀಟರ್; ಎಂದರೆ ತಪ್ಪಲಿಗಿಂತ ಅಲ್ಲಿ ಸುಮಾರು 10 ಡಿಗ್ರಿ ತಂಪು. ತಣಿದ ಗಾಳಿಯಲ್ಲಿನ ನೀರಾವಿ ಹನಿಗೂಡಿ ಮಂಜಾಗುತ್ತದೆ. ಮೇಲಿನ ಕುಳ್ಳುಮರಗಳ ಮೈಗೆ ಹಾವಸೆ ಮೆತ್ತಿರಲು ಈ ಮಂಜೇ ಮುಖ್ಯ ಕಾರಣ.

ಕಾಡು ಮುಗಿದೊಡನೆ ನೋಟ ತೆರೆಯುತ್ತದೆ. ಹತ್ತಿರದ ಬೆಟ್ಟ ಹಸಿರು, ಆಚೆಯದು ನೀಲಿ, ಅದರಾಚೆಯದು ಇನ್ನೂ ಮಾಸಲು. ಆ ನೀಲಿ ಬೆಟ್ಟದ್ದಲ್ಲ, ನಡುವಣ ಗಾಳಿಯದು. ಗಾಳಿಯ ಅಣುಗಳು ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಚದರಿಸುತ್ತವೆ. ಇದರ ನಿಯಮವನ್ನು ರೇಲೆ ಎಂಬ ಆಂಗ್ಲ ವಿಜ್ಞಾನಿ 1871ರಲ್ಲಿ ವಿವರಿಸಿದನು. ಗಿಡಮರಗಳು ಎತ್ತರವನ್ನು ಹೇಳಿದರೆ ಬಣ್ಣವು ದೂರವನ್ನು ಹೇಳುತ್ತದೆ.

ಕಣಿವೆಗಳ ಮಡಿಲಲ್ಲಿ ಮರಗಳಿದ್ದರೂ ಏಣುಗಳ ಮೇಲೆ ಬರಿಯ ಹುಲ್ಲು. ಬಿರುಗಾಳಿ, ತೆಳುವಾದ ಮಣ್ಣು, ಆಗಾಗ ಬೀಳುವ ಬೆಂಕಿ, ಇವು ಮರಗಳನ್ನು ಅಲ್ಲಿ ಬೇರೂರಗೊಡವು.

"ಬಂಜರು ನೆಲವಲ್ಲವೆ ಸಾರ್, ಮರ ನೆಡಬಾರದೇಕೆ?" ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ತಮಿಳುನಾಡಿನ ನೀಲಗಿರಿ ಬೆಟ್ಟಗಳಲ್ಲಿ ಹಾಗೆ ಬಗೆದೇ ಹುಲ್ಲುಗಾವಲಿನ ಮೇಲೆ ಆಸ್ಟ್ರೇಲಿಯದ ವ್ಯಾಟಲ್, ಯೂಕಲಿಪ್ಟಸ್ ಮರಗಳನ್ನು ನೆಟ್ಟರು. ಹುಲ್ಲುಗಾವಲಿನ ಬಹುಭಾಗ ಅಳಿಯಿತು. ಅದನ್ನೇ ನಂಬಿದ ಜೀವಿಗಳು ನೆಲೆ ಕಳೆದುಕೊಂಡವು. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿಟ್ಟು ಮಳೆನೀರನ್ನು ಇಂಗಿಸುತ್ತವೆ; ಇಂಗಿದ ನೀರು ಕೆಳಗೆ ತೊರೆಯಾಗಿ ಹೊರಡುತ್ತದೆ. ಹಿಂದಿನ ದಿನ ಕುಕ್ಕೆಯಲ್ಲಿ ನಾವು ಮಿಂದ ಕುಮಾರಧಾರೆಗೆ ನೀರೆರೆಯುವುದು ಈ ಬೆಟ್ಟಸಾಲೇ ಎಂದೆ. ಅವನು ಬಾಗಿ ಹುಲ್ಲಿನ ಬುಡವನ್ನು ಮುಟ್ಟಿ ನೋಡಿದ. ಅದು ಒದ್ದೆಯಾಗಿತ್ತು.