ನಿಂತಲ್ಲೇ ಪೆಟ್ರೋಲು ಕುಡಿಯುವ ಕಾರು

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಕಾಲದಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ವಾಹನಗಳು ಇರುವೆಯ ಸಾಲಿನಂತೆ ತೆವಳುತ್ತವೆ. ಆ ಸಾಲಿನಲ್ಲಿ ಹಳೆಯ ಫಿಯೆಟ್ಟೋ ಜಿಪ್ಸಿಯೋ ಸಿಕ್ಕಿಕೊಂಡಿತೆಂದರೆ, ಹಿಂದಿರುವವರ ಕಣ್ಣಿಗೆ ಉರಿ, ಮೂಗಿಗೆ ಹಸಿ ಪೆಟ್ರೋಲಿನ ವಾಸನೆ. ಮುದಿ ಎಂಜಿನ್ನಿಗೆ ಇದು ಸಹಜವೆಂದು ಯಜಮಾನರು ಸಮಾಧಾನ ತಂದುಕೊಳ್ಳುವುದುಂಟು. ಆದರೆ ಮುಪ್ಪು ಬೇರೆ, ರೋಗ ಬೇರೆ. ಈ ವಾಸನೆಗೆ ನಿಶ್ಚಿತವಾದ ಕಾರಣವೊಂದಿರುತ್ತದೆ. ಕ್ರಮವರಿತು ಹುಡುಕಿದರೆ ಅದು ಸಿಕ್ಕೇ ಸಿಗುತ್ತದೆ.

ಒಂದು ಪಾಲು ಪೆಟ್ರೋಲು ಸಂಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಅದಕ್ಕೆ 14.7 ಪಾಲು ಗಾಳಿ ಬೇಕು. ಈ ಪಾಕವನ್ನು ಹದಗೊಳಿಸಿಕೊಡುವ ಸಾಧನವೇ ಕಾರ್ಬುರೇಟರು. ಪೆಟ್ರೋಲನ್ನು ತುಂತುರಾಗಿಸಿ ಗಾಳಿಯೊಡನೆ ಬೆರೆಸುವ ವಿಧಾನವನ್ನು ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ 1893ರಲ್ಲಿ ರೂಪಿಸಿದನು. ಚಾಲಕನ ಕಾಲು ಎಕ್ಸಲರೇಟರಿನ ಮೇಲಿಲ್ಲದೆ ಎಂಜಿನ್ನು ನಿಂತಲ್ಲೇ ಓಡುವಾಗ, ಎಂದರೆ ಐಡ್ಲಿಂಗಿನಲ್ಲಿ, ಗಾಳಿಯ ದಾರಿಯ ಥ್ರಾಟಲ್ ತಟ್ಟೆ ಬಹುಮಟ್ಟಿಗೆ ಮುಚ್ಚಿರುತ್ತದೆ. ಆಗ ಮುಖ್ಯ ಜೆಟ್ಟು ಸುಮ್ಮನಿರುತ್ತದೆ. ತಟ್ಟೆಯ ಅಂಚಿನ ಬಳಿಯ ಸಣ್ಣ ರಂಧ್ರವೊಂದರಿಂದ ಮಾತ್ರ ಪೆಟ್ರೋಲು ಒಳಬರುತ್ತದೆ. ಆ ರಂಧ್ರವನ್ನು ಹಿಡಿತದಲ್ಲಿಡುವುದು ಮಿಕ್ಸ್ಚರ್ ಸ್ಕ್ರೂ. ಪೆಟ್ರೋಲಿನ ಪಾಲು ಮಿತಿಮೀರಿದ ಪಾಕಕ್ಕೆ ಗ್ಯಾರೇಜಿನವರು ‘ರಿಚ್’ ಎನ್ನುತ್ತಾರೆ. ಆ ಹೆಸರಿನಲ್ಲಿ ಸಿರಿತನವಿದ್ದರೂ ಫಲ ಮಾತ್ರ ಬಡತನವೇ.

ನಷ್ಟ ಹಣಕ್ಕೆ ಮಾತ್ರ ಸೀಮಿತವಲ್ಲ. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಎಣ್ಣೆ ಅಳೆಯುವ ಕಡ್ಡಿಯಲ್ಲಿ ಮಟ್ಟ ಏರಿ, ಮೂಸಿದರೆ ಪೆಟ್ರೋಲಿನ ವಾಸನೆ ಬರುವುದಾದರೆ ಎಂಜಿನ್ನು ಸವೆಯತೊಡಗಿದೆಯೆಂದೇ ತಿಳಿಯಬೇಕು. ಅದಕ್ಕಿಂತ ಘೋರವಾದುದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಮೂಗಿಗೆ ಬಡಿಯುವುದು ಪೆಟ್ರೋಲಿನ ವಾಸನೆ. ವಿಷಕ್ಕಾದರೋ ಬಣ್ಣವಿಲ್ಲ, ವಾಸನೆಯೂ ಇಲ್ಲ. ಆದಕಾರಣ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನು ಓಡಿಸಿ ಪರೀಕ್ಷೆ ಮಾಡುವುದು ಪ್ರಾಣಕ್ಕೇ ಎರವಾಗಬಲ್ಲದು.

ಪರೀಕ್ಷೆಯ ಮೊದಲ ಸಾಕ್ಷಿ ಸ್ಪಾರ್ಕ್ ಪ್ಲಗ್ಗು. ಅದರ ತುದಿಯಲ್ಲಿ ಒಣಗಿದ ಕಪ್ಪು ಮಸಿ ಕೂತಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಮಸಿ ಜಿಡ್ಡಾಗಿದ್ದರೆ ದೋಷ ಎಣ್ಣೆಯದು. ಇಲ್ಲೊಂದು ಎಚ್ಚರ ಅಗತ್ಯ. ಸವದತ್ತಿಯಿಂದ ರಾಮದುರ್ಗದವರೆಗೆ ಕಾರನ್ನು ಓಡಿಸಿಕೊಂಡು ಹೋಗಿ ಪ್ಲಗ್ಗು ಬಿಚ್ಚಿದರೆ, ದಾರಿಯ ಬಿಸಿಗೆ ಮಸಿ ಸುಟ್ಟುಹೋಗಿ ಅದು ನಿರ್ದೋಷಿಯಂತೆ ಕಾಣುವುದು. ಐಡ್ಲಿಂಗಿನ ದೋಷ ಬೇಕಾದವರು ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ನಾಲ್ಕೈದು ನಿಮಿಷ ಎಂಜಿನ್ನನ್ನು ನಿಂತಲ್ಲೇ ಓಡಿಸಿ, ಅಲ್ಲಿಯೇ ಆರಿಸಿ ಪ್ಲಗ್ಗು ನೋಡಬೇಕು.

ಎರಡನೆಯ ಸಾಕ್ಷಿ ಮಿಕ್ಸ್ಚರ್ ಸ್ಕ್ರೂ. ಹೆಚ್ಚಿನವರು ಮೊದಲು ಕೈಹಾಕಿ ಕೆಡಿಸುವುದು ಇದನ್ನೇ. ವಾಸ್ತವವಾಗಿ ಇದು ಮದ್ದಲ್ಲ, ನಾಡಿ. ಫಿಯೆಟ್ಟಿನ ಸೋಲೆಕ್ಸಿನಂಥ ಕಾರ್ಬುರೇಟರಿನಲ್ಲಿ ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ ಸ್ಕ್ರೂವನ್ನು ಮೆಲ್ಲಗೆ ಒಳತಿರುಗಿಸುತ್ತ ಹೋದರೆ ಎಂಜಿನ್ನು ತಡವರಿಸಿ ನಿಲ್ಲಬೇಕು. ನಿಂತಿತೆಂದರೆ ದಾರಿ ಶುದ್ಧವಾಗಿದೆ, ಸ್ಕ್ರೂವನ್ನು ಹದಕ್ಕೆ ತಂದರೆ ಸಾಕು. ಪೂರ್ತಿ ಮುಚ್ಚಿದರೂ ಎಂಜಿನ್ನು ನಿಶ್ಚಿಂತೆಯಿಂದ ಓಡುತ್ತಲೇ ಇದ್ದರೆ, ಪೆಟ್ರೋಲು ಬೇರೊಂದು ಕಳ್ಳದಾರಿಯಿಂದ ಬರುತ್ತಿದೆಯೆಂದು ಅರ್ಥ. ಅನೇಕ ಮೋಟಾರ್ ಸೈಕಲ್ಲುಗಳಲ್ಲಿ ಈ ಸ್ಕ್ರೂ ಗಾಳಿಯನ್ನು ಅಳೆಯುವುದರಿಂದ ಒಳತಿರುಗಿಸಿದರೆ ಪಾಕ ಇನ್ನೂ ದಪ್ಪವಾಗುತ್ತದೆಂಬುದನ್ನೂ ಮರೆಯಬಾರದು.

ಕಳ್ಳದಾರಿಗಳು ನಾಲ್ಕೈದೇ. ಮೊದಲನೆಯದು ಪೂರ್ತಿ ತೆರೆಯದೆ ಉಳಿದ ಚೋಕು. ಎರಡನೆಯದು ಫ್ಲೋಟಿನ ಬಟ್ಟಲು. ಟೊಳ್ಳಾದ ಹಿತ್ತಾಳೆಯ ಫ್ಲೋಟಿನಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೂ ಪೆಟ್ರೋಲು ಒಳಸೇರಿ ಅದು ಮುಳುಗುತ್ತದೆ. ಬಟ್ಟಲು ಮಿತಿಮೀರಿ ತುಂಬುತ್ತದೆ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಪೆಟ್ರೋಲು ಕುಲುಕುವುದು ಕೇಳಿಸುತ್ತದೆ. ಬಟ್ಟಲಿನ ಬಾಗಿಲಾದ ಸೂಜಿ ಕವಾಟದಲ್ಲಿ ಕಸವೊಂದು ಸಿಕ್ಕಿಕೊಂಡರೂ ಇದೇ ಗತಿ. ಎಂಜಿನ್ನು ಆರಿಸಿದ ಮೇಲೆ ಕಾರ್ಬುರೇಟರಿನ ಗಂಟಲಲ್ಲಿ ಪೆಟ್ರೋಲು ತೊಟ್ಟಿಕ್ಕುತ್ತಿದ್ದರೆ ತಪ್ಪು ಇಲ್ಲಿಯೇ. ಮೂರನೆಯದು ಐಡ್ಲಿಂಗ್ ಜೆಟ್ಟು. ಶುದ್ಧಗೊಳಿಸುವ ನೆಪದಲ್ಲಿ ಉಕ್ಕಿನ ತಂತಿ ತೂರಿಸಿದರೆ ಮೆದುವಾದ ಹಿತ್ತಾಳೆಯ ರಂಧ್ರ ಅಗಲವಾಗುತ್ತದೆ. ಗಾಳಿ ಊದಿ ತೆಗೆಯುವುದೇ ಸರಿಯಾದ ಕ್ರಮ. ನಾಲ್ಕನೆಯದು ಆ ಜೆಟ್ಟಿಗೆ ಗಾಳಿ ಕೊಡುವ ಕಿರುರಂಧ್ರ ಮುಚ್ಚಿಹೋಗುವುದು. ಬೈಲಹೊಂಗಲದ ಎರೆಯ ಸೀಮೆಯ ಧೂಳಿನಲ್ಲಿ ಗಾಳಿಯ ಶೋಧಕವೂ ಕಟ್ಟಿಕೊಳ್ಳುವುದು ನಿಜ. ಆದರೆ ಅದರ ದೋಷ ವೇಗದಲ್ಲಿ ಹೆಚ್ಚಾಗಿ ಕಾಣಬೇಕು. ವೇಗದಲ್ಲಿ ಸರಿಯಿದ್ದು ನಿಂತಾಗ ಮಾತ್ರ ನಾರುವ ಕಾರಿನ ರೋಗ ಬೇರೆಡೆ ಇದೆ.

ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000ದಂಥ ರ‍್ಯಾಲಿಗಳ ಹುರುಪಿನಿಂದ ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡವರಿಗೆ ಇನ್ನೊಂದು ತೊಡಕುಂಟು. ವೇಗದ ಕ್ಯಾಮ್ ಶಾಫ್ಟಿನಲ್ಲಿ ಒಳಬರುವ ಮತ್ತು ಹೊರಹೋಗುವ ಕವಾಟಗಳೆರಡೂ ಒಟ್ಟಿಗೆ ತೆರೆದಿರುವ ಕಾಲ ಹೆಚ್ಚು. ಕಡಮೆ ವೇಗದಲ್ಲಿ ಉರಿದ ಹೊಗೆ ಹೊಸ ಪಾಕದೊಡನೆ ಬೆರೆತು ಎಂಜಿನ್ನು ಕುಂಟುತ್ತದೆ. ಅದನ್ನು ನಿಲ್ಲದಂತೆ ಇಡಲು ಥ್ರಾಟಲ್ ತಟ್ಟೆಯನ್ನು ಹೆಚ್ಚಾಗಿ ತೆರೆದಾಗ, ವೇಗ ಏರುವ ಸಮಯಕ್ಕೆಂದು ಕೊರೆದಿಟ್ಟ ರಂಧ್ರಗಳು ಅಂಚಿನಿಂದ ಹೊರಬಿದ್ದು ಪೆಟ್ರೋಲು ಸುರಿಸತೊಡಗುತ್ತವೆ. ಮಿಕ್ಸ್ಚರ್ ಸ್ಕ್ರೂ ನಿರುಪಯೋಗಿಯಾಗುತ್ತದೆ. ಕಿಡಿಯ ಕಾಲವನ್ನು ಸರಿಪಡಿಸಿ, ಕಾರ್ಬುರೇಟರಿನಲ್ಲಿ ಅನುಕೂಲವಿದ್ದರೆ ಬೇರೆ ಮಾರ್ಗದಿಂದ ಗಾಳಿ ಕೊಟ್ಟು, ತಟ್ಟೆಯನ್ನು ಅದರ ಸ್ಥಾನಕ್ಕೆ ಮರಳಿಸುವುದೇ ಪರಿಹಾರ. ಇಟಲಿಯ ವೆಬರ್ ಕಾರ್ಬುರೇಟರು ಕೂಡಿಸಿದವರು ಪಂಪನ್ನೂ ಪರೀಕ್ಷಿಸಬೇಕು. ಅದಕ್ಕೆ ಚದರ ಅಂಗುಲಕ್ಕೆ 3 ಪೌಂಡಿನ ಆಸುಪಾಸಿನ ಒತ್ತಡ ಸಾಕು. ಬಲವಾದ ವಿದ್ಯುತ್ ಪಂಪು ಸೂಜಿ ಕವಾಟವನ್ನೇ ತಳ್ಳಿ ತೆರೆದುಬಿಡುತ್ತದೆ.

ನೆಲದ ಗುಣವೂ ಲೆಕ್ಕಕ್ಕೆ ಬರುತ್ತದೆ. ಕಿತ್ತೂರು, ಬೈಲಹೊಂಗಲಗಳು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಸಾಂದ್ರತೆ ಶೇ. 6ರಷ್ಟು ಕಡಮೆ, ಕರಾವಳಿಯಲ್ಲಿ ಹದಮಾಡಿದ ಕಾರ್ಬುರೇಟರಿನ ಪಾಕ ಇಲ್ಲಿ ಶೇ. 3ರಷ್ಟು ದಪ್ಪವಾಗುತ್ತದೆ. ಇದು ಅಲ್ಪ ವ್ಯತ್ಯಾಸ. ಪ್ಲಗ್ಗು ಕಪ್ಪಾಗಿಸುವ ಅಪರಾಧವನ್ನು ಇದರ ತಲೆಗೆ ಕಟ್ಟಲಾಗದು. ಸವದತ್ತಿ ತಾಲ್ಲೂಕಿನ ಮುನವಳ್ಳಿಯಂಥ ಕಡೆ ಕಬ್ಬಿನ ಉದ್ಯಮದಿಂದ ತಯಾರಾಗುವ ಎಥೆನಾಲ್ 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 20ರಷ್ಟು ಬೆರೆತಿದೆ. ಎಥೆನಾಲಿನಲ್ಲಿ ಆಮ್ಲಜನಕವಿರುವುದರಿಂದ ಪಾಕ ತೆಳುವಾಗುವುದೇ ವಿನಾ ದಪ್ಪವಾಗದು. ಆದರೂ ಅದು ಹಳೆಯ ರಬ್ಬರನ್ನು ಉಬ್ಬಿಸಿ, ಟ್ಯಾಂಕಿನ ಹಳೆಯ ಕಿಲುಬನ್ನು ಸಡಿಲಿಸಿ ಸೂಜಿ ಕವಾಟದವರೆಗೆ ತಂದು ಬಿಡಬಲ್ಲದು.

ಕೊನೆಯ ನಿರ್ಣಯಕ್ಕೆ ವಾಯುಮಾಲಿನ್ಯ ತಪಾಸಣೆಯ ಚೀಟಿಯೇ ಸಾಕು. ಹಳೆಯ ಪೆಟ್ರೋಲು ಕಾರುಗಳಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡಿನ ಮಿತಿ ಶೇ. 3. ಆ ಅಂಕೆ ಮೇಲೇರಿದ್ದರೆ ಪಾಕ ದಪ್ಪವಾಗಿರುವುದು ಖಚಿತ. ಅದು ಮಿತಿಯಲ್ಲಿದ್ದು ಹೈಡ್ರೋಕಾರ್ಬನ್ನಿನ ಅಂಕೆ ಮಾತ್ರ ಏರಿದ್ದರೆ ಕಿಡಿ ದುರ್ಬಲವಾಗಿ ಪೆಟ್ರೋಲು ಉರಿಯದೆ ಹೋಗುತ್ತಿದೆ, ಕಾರ್ಬುರೇಟರು ನಿರಪರಾಧಿ. ಈ ಎರಡು ಅಂಕೆಗಳನ್ನು ಓದಿ ನೋಡದೆ ಸ್ಕ್ರೂ ಡ್ರೈವರ್ ಹಿಡಿಯುವ ಮಿಸ್ತ್ರಿಗೆ ಕಾರು ಒಪ್ಪಿಸುವ ಮುನ್ನ ಯಜಮಾನರೇ ಒಮ್ಮೆ ಆ ಚೀಟಿಯನ್ನು ಓದಿಕೊಳ್ಳುವುದು ಲೇಸು.