ಸೈಂಟಾಲಜಿ ಧರ್ಮವಾ, ಕಲ್ಟಾ? ಕೋರ್ಟುಗಳು ಉತ್ತರ ಕೊಟ್ಟಿರೋದು ಬೇರೆ ಪ್ರಶ್ನೆಗೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬಿನಲ್ಲಿ ಕೂತು ಓದಿಕೊಳ್ತೀವಿ ಅನ್ನೋರಿಗಾಗಿ ಈ ಬರಹರೂಪ. ಮಾತಾಡುವಾಗ ತಡವರಿಸಿದ್ದನ್ನು ತೆಗೆದಿದ್ದೇನೆ, ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.

ಈ ವಿಷಯ ಎತ್ತಿಕೊಳ್ಳೋಕೆ ಕಾರಣ ನನ್ನ ಒಬ್ಬ ಗೆಳೆಯ. ಇಲ್ಲಿ ಹೈದರಾಬಾದಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂರುತ್ತಿದ್ದವನು, ಈಗ ಲಾಸ್ ಏಂಜಲೀಸಿನಲ್ಲಿ ಆನ್‌ಸೈಟ್ ಇದ್ದಾನೆ. ಒಂದು ಭಾನುವಾರ ಫೋನ್ ಮಾಡಿ, ಹಾಲಿವುಡ್ ಬುಲೆವಾರ್ಡಿನಲ್ಲಿ ಯಾರೋ ಫ್ರೀ ಸ್ಟ್ರೆಸ್ ಟೆಸ್ಟ್ ಮಾಡಿದರು, ಚೆನ್ನಾಗಿತ್ತು, ಒಂದು ಚಿಕ್ಕ ಕೋರ್ಸಿಗೂ ಸೇರಿಕೊಂಡೆ ಅಂದ. ಯಾರದ್ದು ಅಂತ ಕೇಳಿದರೆ ಸೈಂಟಾಲಜಿಯವರದ್ದು. "ಅದು ಕಲ್ಟ್ ಅಲ್ವೇನೋ?" ಅಂದೆ. "ಅಮೆರಿಕ ಸರ್ಕಾರನೇ ಧರ್ಮ ಅಂತ ಒಪ್ಪಿದೆ ಕಣೋ, ನೀನ್ಯಾವನು ಕಲ್ಟ್ ಅನ್ನೋಕೆ?" ಅಂತ ತಿರುಗಿಸಿ ಕೇಳಿದ.

ಅವನು ಹೇಳಿದ್ದು ಸುಳ್ಳಲ್ಲ. ನಾನು ಹೇಳಿದ್ದೂ ಬರೀ ಗಾಳಿಮಾತಲ್ಲ. ಎರಡೂ ಹೇಗೆ ಒಟ್ಟಿಗೆ ನಿಲ್ಲುತ್ತೆ ಅನ್ನೋದನ್ನ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನ ಇಲ್ಲಿ ಹೇಳ್ತಿದ್ದೀನಿ.

ಮೊದಲು ಸ್ವಲ್ಪ ಹಿನ್ನೆಲೆ. ಎಲ್. ರಾನ್ ಹಬ್ಬರ್ಡ್ ಅಂತ ಅಮೆರಿಕದ ಒಬ್ಬ ಸೈನ್ಸ್ ಫಿಕ್ಷನ್ ಲೇಖಕ. 1950ರಲ್ಲಿ 'ಡಯನೆಟಿಕ್ಸ್' ಅನ್ನೋ ಪುಸ್ತಕ ಬರೆದ. ಹಳೆಯ ನೋವಿನ ಘಟನೆಗಳು ಮನಸ್ಸಿನ ಒಂದು ಭಾಗದಲ್ಲಿ ಅಚ್ಚಾಗಿ ಕೂತಿರುತ್ತವೆ, ಒಬ್ಬರು ಎದುರು ಕೂತು ಪ್ರಶ್ನೆ ಕೇಳ್ತಾ ಹೋದರೆ ಅದನ್ನ ಅಳಿಸಬಹುದು ಅನ್ನೋದು ಅದರ ತಿರುಳು. ಪುಸ್ತಕ ಭರ್ಜರಿ ಮಾರಾಟವಾಯಿತು. ಆಗ ಅದನ್ನ ಧರ್ಮ ಅಂತ ಯಾರೂ ಕರೆದಿರಲಿಲ್ಲ, ಮನಸ್ಸಿನ ವಿಜ್ಞಾನ ಅಂತಲೇ ಮಾರಿದ್ದು. 1953ರ ಕೊನೆಯಲ್ಲಿ ನ್ಯೂಜೆರ್ಸಿಯಲ್ಲಿ, ಮುಂದಿನ ವರ್ಷ ಕ್ಯಾಲಿಫೋರ್ನಿಯಾದಲ್ಲಿ 'ಚರ್ಚ್' ಅಂತ ನೋಂದಣಿಯಾಯಿತು. ಮನುಷ್ಯ ದೇಹವಲ್ಲ, ಜನ್ಮಜನ್ಮಾಂತರ ಸಾಗಿ ಬಂದ 'ಥೀಟನ್' ಅನ್ನೋ ಚೇತನ ಅನ್ನೋದು ಅದರ ಬೋಧನೆ. ನಮಗೆ ಇದರಲ್ಲಿ ಹೊಸದೇನೂ ಕಾಣಿಸದೇ ಇರಬಹುದು, ಅಮೆರಿಕದವರಿಗೆ ಹೊಸದಾಗಿತ್ತು. ಹಬ್ಬರ್ಡ್ 1986ರಲ್ಲಿ ತೀರಿಕೊಂಡ. ಆಮೇಲಿಂದ ಸಂಸ್ಥೆ ಡೇವಿಡ್ ಮಿಸ್ಕಾವಿಜ್ ಕೈಯಲ್ಲಿದೆ.

ಅಂದಹಾಗೆ, 1959ರಲ್ಲಿ ಹಬ್ಬರ್ಡ್ ಇಂಗ್ಲೆಂಡಿನಲ್ಲಿ ತನ್ನ ಮುಖ್ಯ ನೆಲೆಗಾಗಿ ಕೊಂಡ ಸೇಂಟ್ ಹಿಲ್ ಮ್ಯಾನರ್ ಅನ್ನೋ ದೊಡ್ಡ ಬಂಗಲೆಯನ್ನ ಮಾರಿದ್ದು ಜೈಪುರದ ಮಹಾರಾಜ. ಇದಕ್ಕೂ ನಮ್ಮ ವಿಷಯಕ್ಕೂ ಸಂಬಂಧ ಇಲ್ಲ, ಓದಿದಾಗ ನಗು ಬಂತು ಅಷ್ಟೇ.

ಇವರ ಮುಖ್ಯ ಆಚರಣೆಯ ಹೆಸರು 'ಆಡಿಟಿಂಗ್'. ನಮ್ಮ ಐಎಸ್‌ಒ ಆಡಿಟ್ ಅಲ್ಲ. ಎರಡು ಲೋಹದ ಡಬ್ಬಿ ಹಿಡಿದು ಕೂರಬೇಕು, ಅದರ ಮೂಲಕ ಸಣ್ಣ ವಿದ್ಯುತ್ ಹರಿಯುತ್ತೆ, ಇ-ಮೀಟರ್ ಅನ್ನೋ ಯಂತ್ರದ ಮುಳ್ಳು ಅಲ್ಲಾಡೋದನ್ನ ನೋಡಿಕೊಂಡು ಆಡಿಟರ್ ಪ್ರಶ್ನೆ ಕೇಳ್ತಾರೆ. ನನ್ನ ಗೆಳೆಯ ಹಿಡಿದಿದ್ದೂ ಅದೇ ಡಬ್ಬಿ. 1963ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ವಾಷಿಂಗ್ಟನ್ನಿನಲ್ಲಿ ದಾಳಿ ಮಾಡಿ ಈ ಯಂತ್ರಗಳನ್ನ ಹೊತ್ತುಕೊಂಡು ಹೋಯಿತು: ಕಾಯಿಲೆ ವಾಸಿಮಾಡುತ್ತೆ ಅಂತ ಸುಳ್ಳು ಹೇಳ್ತಿದ್ದಾರೆ ಅನ್ನೋದು ಆರೋಪ. ಕೇಸು ಎಂಟು ವರ್ಷ ಎಳೆದು 1971ರಲ್ಲಿ ತೀರ್ಪು ಬಂತು. ಯಂತ್ರವನ್ನ ಧಾರ್ಮಿಕ ಸಮಾಲೋಚನೆಗೆ ಮಾತ್ರ ಬಳಸಬಹುದು, ಇದರಿಂದ ಯಾವ ಕಾಯಿಲೆಯೂ ವಾಸಿಯಾಗಲ್ಲ ಅಂತ ಚೀಟಿ ಅಂಟಿಸಬೇಕು. ಅಂದರೆ ಅದೇ ಡಬ್ಬಿ, ಅದೇ ಮುಳ್ಳು. ವೈದ್ಯ ಅಂದರೆ ಅಪರಾಧ, ಧರ್ಮ ಅಂದರೆ ಹಕ್ಕು. 'ಧರ್ಮ' ಅನ್ನೋ ಹಣೆಪಟ್ಟಿಗೆ ಎಷ್ಟು ಬೆಲೆ ಇದೆ ಅನ್ನೋದು ನನಗೆ ಅರ್ಥವಾಗಿದ್ದು ಈ ಕೇಸಿನಿಂದ.

ಇನ್ನು ದುಡ್ಡಿನ ಕಥೆ. ಪಡೆದದ್ದಕ್ಕೆ ಪ್ರತಿಯಾಗಿ ಏನಾದರೂ ಕೊಡಲೇಬೇಕು ಅನ್ನೋದು ಇವರ ಸಿದ್ಧಾಂತ. ಹಾಗಾಗಿ ಆಡಿಟಿಂಗಿಗೆ ನಿಗದಿಯಾದ ದರಪಟ್ಟಿ ಇತ್ತು, ಮುಂಗಡ ಕಟ್ಟಿದರೆ ರಿಯಾಯಿತಿಯೂ ಇತ್ತು. ಇದು ದಾನವಲ್ಲ, ಸೇವೆ ಕೊಂಡುಕೊಳ್ಳೋದು, ಇದಕ್ಕೆ ತೆರಿಗೆ ಕಡಿತ ಇಲ್ಲ ಅಂತ 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿತು. ತೆರಿಗೆ ಇಲಾಖೆಯಾದ ಐಆರ್‌ಎಸ್ 1967ರಲ್ಲೇ ಕ್ಯಾಲಿಫೋರ್ನಿಯಾ ಚರ್ಚಿನ ವಿನಾಯಿತಿ ಕಿತ್ತುಕೊಂಡಿತ್ತು. ಚರ್ಚ್ ಸುಮ್ಮನೆ ಕೂರಲಿಲ್ಲ. ಸಂಸ್ಥೆ ಮತ್ತು ಸದಸ್ಯರು ಸೇರಿ ಐಆರ್‌ಎಸ್ ಮೇಲೆ ಎರಡು ಸಾವಿರಕ್ಕೂ ಹೆಚ್ಚು ದಾವೆ ಹಾಕಿದರು. ಕಡೆಗೆ 1993ರ ಅಕ್ಟೋಬರಿನಲ್ಲಿ ಇಲಾಖೆ ಪೂರ್ತಿ ವಿನಾಯಿತಿ ಕೊಟ್ಟಿತು. ಚರ್ಚ್ ಕಟ್ಟಿದ್ದು 1.25 ಕೋಟಿ ಡಾಲರ್. ಒಪ್ಪಂದದ ವಿವರ ಗುಟ್ಟಾಗಿತ್ತು, 1997ರಲ್ಲಿ ಪತ್ರಿಕೆಗಳಿಗೆ ಸೋರಿ ಹೊರಬಂತು.

ಸುಪ್ರೀಂ ಕೋರ್ಟ್ ಬೇಡ ಅಂದಿದ್ದ ತೆರಿಗೆ ಕಡಿತವೂ ಈ ಒಪ್ಪಂದದಿಂದ ಸೈಂಟಾಲಜಿಸ್ಟರಿಗೆ ಸಿಕ್ಕಿಬಿಟ್ಟಿತು. ಆಮೇಲೆ ಕ್ಯಾಲಿಫೋರ್ನಿಯಾದ ಒಬ್ಬ ಯಹೂದಿ ದಂಪತಿ, ಅವರ ಕೋರ್ಸಿಗೆ ಕಡಿತ ಕೊಡ್ತೀರಲ್ಲ, ನಮ್ಮ ಮಕ್ಕಳ ಧಾರ್ಮಿಕ ಶಾಲೆ ಫೀಸಿಗೂ ಕೊಡಿ ಅಂತ ಕೋರ್ಟಿಗೆ ಹೋಗಿ 2002ರಲ್ಲಿ ಸೋತರು. ನನ್ನ ಗೆಳೆಯ ಹೇಳಿದ 'ಅಮೆರಿಕ ಸರ್ಕಾರ ಒಪ್ಪಿದೆ' ಅನ್ನೋದು ಇದೇ. ಒಪ್ಪಿದ್ದು ತೆರಿಗೆ ಇಲಾಖೆ, ಕೇಸುಗಳ ರಾಶಿಯ ಕೆಳಗೆ ಕೂತು.

ಬೇರೆ ದೇಶಗಳಲ್ಲಿ ಏನಾಯಿತು? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1965ರಲ್ಲಿ ಕಾನೂನು ಮಾಡಿ ಸೈಂಟಾಲಜಿಯನ್ನ ನಿಷೇಧಿಸಿತು. ಹದಿನೆಂಟು ವರ್ಷದ ನಂತರ, 1983ರಲ್ಲಿ, ಅದೇ ರಾಜ್ಯದ ಪೇರೋಲ್ ತೆರಿಗೆ ಕೇಸಿನಲ್ಲಿ ಆ ದೇಶದ ಹೈಕೋರ್ಟು (ಅಲ್ಲಿ ಅದೇ ಅತ್ಯುನ್ನತ ಕೋರ್ಟು) ಇದು ಧರ್ಮವೇ ಅಂತ ತೀರ್ಪು ಕೊಟ್ಟಿತು. ಅಲೌಕಿಕವಾದದ್ದರಲ್ಲಿ ನಂಬಿಕೆ, ಆ ನಂಬಿಕೆಗೆ ತಕ್ಕ ನಡವಳಿಕೆಯ ನಿಯಮ, ಇಷ್ಟಿದ್ದರೆ ಧರ್ಮ. ಸ್ಥಾಪಕ ಪ್ರಾಮಾಣಿಕನೋ ಅಲ್ಲವೋ ಅನ್ನೋದು ಲೆಕ್ಕಕ್ಕಿಲ್ಲ. ಕಪಟಿಗಳಿಗೂ ಜಾಗ ಸಿಗೋದು ಧಾರ್ಮಿಕ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆ ಅನ್ನೋ ಅರ್ಥದ ಮಾತನ್ನೂ ನ್ಯಾಯಮೂರ್ತಿಗಳು ಬರೆದರು. ಬ್ರಿಟನ್ನಿನಲ್ಲಿ 1970ರಲ್ಲಿ ಇದು ಪೂಜೆಯ ಸ್ಥಳ ಅಲ್ಲ ಅಂದಿದ್ದರು. 2013ರಲ್ಲಿ ಒಬ್ಬ ಯುವತಿ ಲಂಡನ್ನಿನ ಸೈಂಟಾಲಜಿ ಚಾಪೆಲಿನಲ್ಲಿ ಮದುವೆಯಾಗಬೇಕು ಅಂತ ಹಟ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದಳು. ದೇವರನ್ನ ನಂಬಿದರೆ ಮಾತ್ರ ಧರ್ಮ ಅಂದರೆ ಬೌದ್ಧ, ಜೈನರೂ ಹೊರಗುಳಿಯುತ್ತಾರೆ ಅನ್ನೋದು ಅಲ್ಲಿ ಮುಖ್ಯ ವಾದ.

ಈ ವಾದ ನಮಗೆ ಹಳೆಯದು. 1954ರಲ್ಲಿ ಉಡುಪಿಯ ಶೀರೂರು ಮಠದ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಇದೇ ಮಾತು ಹೇಳಿತ್ತು: ಧರ್ಮಕ್ಕೆ ಈಶ್ವರ ಇರಲೇಬೇಕು ಅಂತಿಲ್ಲ, ಬೌದ್ಧ ಜೈನರನ್ನ ನೋಡಿ. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಮಠದ ಆಸ್ತಿಯ ಮೇಲೆ ಸರ್ಕಾರದ ಹಿಡಿತ ಎಷ್ಟಿರಬೇಕು ಅನ್ನೋದು ಜಗಳ. ತಮಾಷೆ ಅಂದರೆ ಆ ತೀರ್ಪಿನಲ್ಲಿ ಆಸ್ಟ್ರೇಲಿಯಾದ 1943ರ ಒಂದು ಕೇಸಿನ ಮಾತುಗಳನ್ನ ಆಧಾರವಾಗಿ ತೆಗೆದುಕೊಂಡಿದ್ದಾರೆ.

ಯೂರೋಪಿನ ಉಳಿದ ಕಡೆ ಬೇರೆಯದೇ ಕಥೆ. ಫ್ರಾನ್ಸಿನ ಸಂಸದೀಯ ವರದಿ 1995ರಲ್ಲೇ ಇದನ್ನ ಕಲ್ಟುಗಳ ಪಟ್ಟಿಗೆ ಹಾಕಿತು, 2009ರಲ್ಲಿ ಪ್ಯಾರಿಸ್ ಕೋರ್ಟು ಸಂಘಟಿತ ವಂಚನೆ ಅಂತ ಆರು ಲಕ್ಷ ಯೂರೋ ದಂಡ ಹಾಕಿತು, 2013ರಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟು ಅದನ್ನ ಎತ್ತಿಹಿಡಿಯಿತು. ಜರ್ಮನಿಯ ಗುಪ್ತಚರ ಇಲಾಖೆ 1997ರಿಂದ ಕಣ್ಣಿಟ್ಟಿದೆ. ರಷ್ಯಾದ್ದು ನನಗೆ ಬಹಳ ಇಷ್ಟವಾದ ತರ್ಕ: 2015ರಲ್ಲಿ ಮಾಸ್ಕೋ ಕೋರ್ಟು, 'ಸೈಂಟಾಲಜಿ' ಅನ್ನೋ ಹೆಸರು ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಆಗಿದೆ, ಟ್ರೇಡ್‌ಮಾರ್ಕ್ ಇರೋದು ಧರ್ಮ ಹೇಗಾಗುತ್ತೆ ಅಂತ ಹೇಳಿ ಮಾಸ್ಕೋ ಶಾಖೆಯನ್ನ ಮುಚ್ಚಿಸೋಕೆ ಆದೇಶ ಮಾಡಿತು. ಇಷ್ಟವಾಯಿತು ಅಂದ ಮಾತ್ರಕ್ಕೆ ಒಪ್ಪಿದೆ ಅಂತಲ್ಲ. ರಷ್ಯಾ ಸರ್ಕಾರ ತನಗಾಗದ ಧರ್ಮಗಳನ್ನ ಹೇಗೆ ನಡೆಸಿಕೊಳ್ಳುತ್ತೆ ಅನ್ನೋದಕ್ಕೆ ಯೆಹೋವನ ಸಾಕ್ಷಿಗಳನ್ನ ಕೇಳಬೇಕು.

ಗಮನಿಸಿ, ಇಲ್ಲಿ ಯಾವ ಕೋರ್ಟಿನ ಮುಂದೆಯೂ 'ಇದು ಧರ್ಮವಾ ಕಲ್ಟಾ' ಅನ್ನೋ ಪ್ರಶ್ನೆ ಇರಲಿಲ್ಲ. ತೆರಿಗೆ ಕಟ್ಟಬೇಕಾ, ಮದುವೆ ನೋಂದಾಯಿಸಬಹುದಾ, ವಂಚನೆ ನಡೆದಿದೆಯಾ, ಇಷ್ಟೇ. 'ಕಲ್ಟ್' ಅನ್ನೋದು ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕದ ಕಾನೂನಿನ ಪದವೇ ಅಲ್ಲ. ಕನ್ನಡದಲ್ಲಂತೂ ಅದಕ್ಕೆ ಪದವೇ ಇಲ್ಲ. ಪಂಥ ಅಂದರೆ ನಮಗೆ ನಾಥಪಂಥ, ವಾರಕರಿ ಪಂಥ, ಗೌರವದ ಮಾತು. ಕಲ್ಟ್ ಅಂದರೆ ಉಪೇಂದ್ರ ಸಿನಿಮಾ. ಸಂಶೋಧಕರೂ ಆ ಪದವನ್ನ ಬಳಸೋಕೆ ಹಿಂಜರಿದು 'ಹೊಸ ಧಾರ್ಮಿಕ ಚಳವಳಿ' ಅಂತಾರೆ. ಬಂಗಾಳ, ಅಸ್ಸಾಮಿನ ತಂತ್ರ ಸಂಪ್ರದಾಯಗಳನ್ನ ಅಧ್ಯಯನ ಮಾಡಿದ ಹ್ಯೂ ಅರ್ಬನ್ ಅನ್ನೋ ವಿದ್ವಾಂಸರು 2011ರಲ್ಲಿ ಸೈಂಟಾಲಜಿಯ ಇತಿಹಾಸ ಬರೆದಿದ್ದಾರೆ. ಅವರಿಗೆ ಆಸಕ್ತಿ ಇರೋದು ಎರಡೂ ಕಡೆ ಇರುವ ಗುಟ್ಟಿನಲ್ಲಿ.

ಹಾಗಾದರೆ ಜನ ಯಾಕೆ ಕಲ್ಟ್ ಅಂತಾರೆ? ವಿಚಿತ್ರ ನಂಬಿಕೆಗಾಗಿ ಅಂತ ಅನೇಕರು ಅಂದುಕೊಂಡಿದ್ದಾರೆ. ಮೇಲಿನ ಹಂತದವರಿಗೆ ಮಾತ್ರ ಕೊಡೋ ಜೀನು ಅನ್ನೋ ಅಂತರಿಕ್ಷದ ದೊರೆಯ ಕಥೆ 90ರ ದಶಕದಲ್ಲಿ ಇಂಟರ್‌ನೆಟ್ಟಿಗೆ ಸೋರಿದಾಗ ಎಲ್ಲರೂ ನಕ್ಕರು. ನಾನು ಆ ನಗುವಿನಲ್ಲಿ ಸೇರಲ್ಲ. ಹೊರಗಿನಿಂದ ನೋಡಿದರೆ ಯಾರ ಪುರಾಣ ವಿಚಿತ್ರ ಅಲ್ಲ ಹೇಳಿ? ನನ್ನ ತಕರಾರು ಬೇರೆ. 70ರ ದಶಕದಲ್ಲಿ ಇವರ ಜನ ಅಮೆರಿಕ ಸರ್ಕಾರದ ಕಚೇರಿಗಳಿಗೇ ನುಗ್ಗಿ ಕಡತ ಕದ್ದರು. 1977ರಲ್ಲಿ ಎಫ್‌ಬಿಐ ದಾಳಿಯಾಯಿತು, ಹಬ್ಬರ್ಡನ ಹೆಂಡತಿಯೂ ಸೇರಿ ಹನ್ನೊಂದು ಜನರಿಗೆ ಶಿಕ್ಷೆಯಾಯಿತು. ಟೀಕಿಸಿ ಪುಸ್ತಕ ಬರೆದ ಪತ್ರಕರ್ತೆ ಪಾಲೆಟ್ ಕೂಪರ್ ಹೆಸರಲ್ಲಿ ಬಾಂಬ್ ಬೆದರಿಕೆ ಪತ್ರ ಸೃಷ್ಟಿಸಿ ಅವರನ್ನೇ ಕೇಸಿನಲ್ಲಿ ಸಿಕ್ಕಿಸಿದ್ದರು ಅನ್ನೋದು ಬಯಲಾದದ್ದು ಆ ದಾಳಿಯಲ್ಲಿ ಸಿಕ್ಕ ಕಾಗದಗಳಿಂದ.

ಇನ್ನು, ಬಿಟ್ಟು ಹೋಗುವವರ ಗತಿ. ಸೀ ಆರ್ಗ್ ಅಂತ ಪೂರ್ಣಾವಧಿ ಕಾರ್ಯಕರ್ತರ ಪಡೆ ಇದೆ. ಸೇರುವಾಗ ನೂರು ಕೋಟಿ ವರ್ಷದ ಒಪ್ಪಂದಕ್ಕೆ ಸಹಿ ಹಾಕ್ತಾರೆ, ಮುಂದಿನ ಜನ್ಮಗಳೂ ಸೇರಿ. ಮಧ್ಯದಲ್ಲಿ ಬಿಟ್ಟರೆ ಅಲ್ಲಿಯವರೆಗೆ ಪುಕ್ಕಟೆಯಾಗಿ ಮಾಡಿದ ಕೋರ್ಸುಗಳ ಬಿಲ್ಲು ಕೈಗೆ ಬರುತ್ತೆ. ನಮ್ಮಲ್ಲಿ ಫ್ರೆಶರ್‌ಗಳಿಗೆ ಟ್ರೇನಿಂಗ್ ಬಾಂಡ್ ಹಾಕಿಸ್ತಾರಲ್ಲ, ಹಾಗೆ. ವ್ಯತ್ಯಾಸ ಏನಂದರೆ ನಾವು ಬಾಂಡ್ ಮುರಿದರೆ ಅಪ್ಪ ಅಮ್ಮ ಮಾತು ಬಿಡಲ್ಲ. ಇಲ್ಲಿ ಯಾರನ್ನಾದರೂ ದಮನಕಾರಿ ವ್ಯಕ್ತಿ ಅಂತ ಘೋಷಿಸಿದರೆ ಒಳಗಿರುವ ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಅವರ ಸಂಪರ್ಕ ಕಡಿದುಕೊಳ್ಳಬೇಕು ಅನ್ನೋ ಒತ್ತಡ ಇರುತ್ತೆ ಅಂತ ಹೊರಬಂದವರು ಒಬ್ಬರಾದ ಮೇಲೊಬ್ಬರು ಹೇಳಿದ್ದಾರೆ. ಬಲವಂತ ಇಲ್ಲ, ಅದು ಅವರವರ ಸ್ವಂತ ನಿರ್ಧಾರ ಅನ್ನೋದು ಚರ್ಚಿನ ನಿಲುವು.

ಇಲ್ಲೇ ಧರ್ಮ ಅನ್ನೋ ಹಣೆಪಟ್ಟಿ ಮತ್ತೆ ಕೆಲಸಕ್ಕೆ ಬರೋದು. ವರ್ಷಗಟ್ಟಲೆ ಸೀ ಆರ್ಗ್‌ನಲ್ಲಿ ದುಡಿದು ಹೊರಬಂದ ಒಂದು ದಂಪತಿ, ನಮ್ಮನ್ನ ಬಲವಂತವಾಗಿ ದುಡಿಸಿಕೊಂಡರು ಅಂತ ಕೇಸು ಹಾಕಿದ್ದರು. 2012ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಸೋತರು. ಬಿಟ್ಟು ಹೋಗೋಕೆ ನಿಮಗೆ ಅವಕಾಶ ಇತ್ತು. ಹೋದವರಿಂದ ದೂರ ಇರೋದು, ಬಹಿಷ್ಕರಿಸೋದು ಧಾರ್ಮಿಕ ಸಂಸ್ಥೆಯೊಂದಕ್ಕೆ ಕಾನೂನು ಕೊಟ್ಟಿರುವ ಸ್ವಾತಂತ್ರ್ಯ, ಅದನ್ನ ಬೆದರಿಕೆ ಅನ್ನೋಕಾಗಲ್ಲ ಅನ್ನೋದು ತೀರ್ಪಿನ ಸಾರ. ನಮ್ಮ ಊರುಗಳಲ್ಲಿ ಜಾತಿ ಪಂಚಾಯಿತಿಯ ಬಹಿಷ್ಕಾರ ಕಂಡವರಿಗೆ ಆ 'ಅವಕಾಶ' ಎಂಥದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು ಇನ್ನೊಂದು ದಿಕ್ಕಿನಲ್ಲಿ ಹೋಯಿತು. ಕೋರ್ಸಿಗೆ, ಸದಸ್ಯತ್ವಕ್ಕೆ ಸೇರುವಾಗ ಸಹಿ ಹಾಕಿಸುವ ಪತ್ರದಲ್ಲಿ, ಏನೇ ವ್ಯಾಜ್ಯ ಬಂದರೂ ಸೈಂಟಾಲಜಿಯ ಒಳಗಿನ ಪಂಚಾಯಿತಿಗೇ ಬರಬೇಕು, ಹೊರಗಿನ ಕೋರ್ಟಿಗಲ್ಲ ಅನ್ನೋ ಷರತ್ತು ಇರುತ್ತೆ. ಪಂಚರೆಲ್ಲ ಸೈಂಟಾಲಜಿಸ್ಟರೇ. ಈ ಷರತ್ತನ್ನ 2021ರಲ್ಲಿ ಬೇರೊಂದು ಮೇಲ್ಮನವಿ ಕೋರ್ಟು ಎತ್ತಿಹಿಡಿದಿತ್ತು. ಕ್ಯಾಲಿಫೋರ್ನಿಯಾದವರು ಮಾತ್ರ, ಧರ್ಮ ಸೇರುವ ಹಕ್ಕಿನ ಹಾಗೆ ಬಿಡುವ ಹಕ್ಕೂ ಸಂವಿಧಾನ ಕೊಟ್ಟದ್ದು. ಬಿಟ್ಟವರಿಗೆ, ಬಿಟ್ಟ ಮೇಲೆ ನಡೆದ ವಿಷಯದಲ್ಲಿ, ಆ ಹಳೆಯ ಸಹಿ ಕಟ್ಟುಪಾಡಾಗೋದಿಲ್ಲ ಅಂದರು.

ಇದನ್ನೆಲ್ಲ ಓದಿದ ಮೇಲೆ ಗೆಳೆಯನಿಗೆ ಫೋನ್ ಮಾಡಿದೆ. ಧರ್ಮವೋ ಕಲ್ಟೋ ಅನ್ನೋ ಜಗಳ ಮತ್ತೆ ತೆಗೀಲಿಲ್ಲ. ಧರ್ಮನೇ ಅಂತ ಇಟ್ಟುಕೊಳ್ಳೋಣ ಮಾರಾಯ, ಆ ಕೋರ್ಸಿಗೆ ಸೇರುವಾಗ ಏನಕ್ಕೆ ಸಹಿ ಹಾಕಿದೆ ಅಂತಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾಲ್ಕೈದು ಪುಟ ಇತ್ತು ಕಣೋ, ಓದ್ಲಿಲ್ಲ," ಅಂದ. ಹುಡುಕಿ ಫೋಟೋ ತೆಗೆದು ಕಳಿಸ್ತೀನಿ ಅಂದಿದ್ದಾನೆ.