ಒಂದು ಜೋಡಿ ತಂತಿಯಲ್ಲಿ ಮೂರು ದಾರಿ

2000ನೆಯ ಇಸವಿಯ ಸುಮಾರಿನ ಕಾಲ. ತುಮಕೂರಿನಲ್ಲಿ ಒಂದು ಸಂಸ್ಥೆಯ ಮುಖ್ಯ ಕಚೇರಿಯೂ ಗುಬ್ಬಿ, ಕುಣಿಗಲ್‌ಗಳಲ್ಲಿ ಅದರ ಶಾಖೆಗಳೂ ಇವೆಯೆಂದು ಭಾವಿಸೋಣ. ಸಂಜೆ ಶಾಖೆಯ ಕಂಪ್ಯೂಟರು ಆ ದಿನದ ಲೆಕ್ಕವನ್ನು ಮುಖ್ಯ ಕಚೇರಿಗೆ ಒಪ್ಪಿಸಬೇಕು. ಅರ್ಧ ಗಂಟೆಯ ಕೆಲಸಕ್ಕಾಗಿ ಹಗಲಿರುಳು ತೆರೆದಿರುವ ತಂತಿಯನ್ನು ಬಾಡಿಗೆಗೆ ಹಿಡಿಯುವುದು ದುಬಾರಿ. ಬೇಕಾದಾಗ ಕರೆದು, ಮುಗಿದೊಡನೆ ಕಡಿಯಬಲ್ಲ ದಾರಿ ಬೇಕು. ಗಾಜಿನ ತಂತುಗಳು ಎಲ್ಲೆಡೆ ಹಬ್ಬುವ ಮೊದಲು ಇಂಥ ದಾರಿಯನ್ನು ಒದಗಿಸಿದುದು ಐ.ಎಸ್.ಡಿ.ಎನ್. ಎಂಬ ದೂರವಾಣಿ ಪದ್ಧತಿ. ಅದರ ಯಂತ್ರವನ್ನು ಹೊಂದಿಸುವ ಕ್ರಮವನ್ನು ನೋಡಿದರೆ ದೂರವಾಣಿಯ ಒಳಗುಟ್ಟೇ ತಿಳಿಯುವುದು.

ಹಳೆಯ ದೂರವಾಣಿಯಲ್ಲಿ ನಮ್ಮ ಧ್ವನಿಯ ಏರಿಳಿತವೇ ವಿದ್ಯುತ್ತಿನ ಏರಿಳಿತವಾಗಿ ತಂತಿಯಲ್ಲಿ ಹರಿಯುವುದಷ್ಟೆ. ಆ ಏರಿಳಿತವನ್ನು ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆಯನ್ನೂ ಸೊನ್ನೆ-ಒಂದುಗಳ 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್‌ಗಳಾಗುವುವು. 8000 ಏಕೆ? ದೂರವಾಣಿಯು ಸಾಗಿಸುವ ಧ್ವನಿಯ ಮೇಲಣ ಮಿತಿ ಸೆಕೆಂಡಿಗೆ ಸುಮಾರು 3400 ಕಂಪನ. ಅಲೆಯ ರೂಪ ಕೆಡದಂತೆ ಹಿಡಿಯಲು ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಹೀಗೆ ಅಂಕವಾದ ಮಾತಿಗೂ ಕಂಪ್ಯೂಟರಿನ ಲೆಕ್ಕಕ್ಕೂ ತಂತಿಯ ಮಟ್ಟಿಗೆ ಭೇದವಿಲ್ಲ. ನಮ್ಮ ನಾಡಿನ ಕಿತ್ತೂರಿನಲ್ಲಿ 1986ರಲ್ಲೇ ಸಿ-ಡಾಟ್ ಸಂಸ್ಥೆಯ 128 ತಂತಿಗಳ ಗ್ರಾಮೀಣ ಎಕ್ಸ್‌ಚೇಂಜು ಅಂಕಪದ್ಧತಿಯಲ್ಲಿ ಕೆಲಸ ಮಾಡತೊಡಗಿತು. ಆದರೆ ಎಕ್ಸ್‌ಚೇಂಜಿನಿಂದ ಗಿರಾಕಿಯ ಬಾಗಿಲವರೆಗಿನ ತಂತಿ ಹಳೆಯ ರೀತಿಯದಾಗಿಯೇ ಉಳಿಯುತ್ತಿತ್ತು. ಆ ಕೊನೆಯ ತುಂಡಿನಲ್ಲಿಯೂ ಅಂಕಗಳನ್ನೇ ಹರಿಸುವುದು ಐ.ಎಸ್.ಡಿ.ಎನ್.

ಗುಬ್ಬಿಯ ಶಾಖೆಗೆ ಬರುವುದು ಸಾಧಾರಣ ತಾಮ್ರದ ಒಂದು ಜೋಡಿ ತಂತಿ. ಅದರಲ್ಲಿ 64,000 ಬಿಟ್‌ಗಳ ಎರಡು ಹೆದ್ದಾರಿಗಳೂ 16,000 ಬಿಟ್‌ಗಳ ಒಂದು ಕಿರುದಾರಿಯೂ ಉಂಟು. ಕಿರುದಾರಿಯಲ್ಲಿ ಲೆಕ್ಕವಾಗಲಿ ಮಾತಾಗಲಿ ಸಾಗುವುದಿಲ್ಲ. ಯಾರು ಕರೆಯುತ್ತಿದ್ದಾರೆ, ಯಾರನ್ನು, ಯಾವ ದಾರಿ ಬಿಡುವಾಗಿದೆ ಎಂಬ ಸುದ್ದಿ ಮಾತ್ರ. ಇದನ್ನು ಓಲೆಕಾರನ ದಾರಿ ಎನ್ನಬಹುದು. ಸುಮಾರು 5 ಕಿಲೋಮೀಟರು ಮೀರಿದರೆ ತಾಮ್ರದಲ್ಲಿ ಈ ಸಂಕೇತಗಳು ಕ್ಷೀಣಿಸುವುದರಿಂದ ಗುಬ್ಬಿಯ ತಂತಿ ಗುಬ್ಬಿಯ ಎಕ್ಸ್‌ಚೇಂಜಿನಲ್ಲಿಯೇ ಮುಗಿಯತಕ್ಕದ್ದು. ಮುಂದಿನ ಇಪ್ಪತ್ತು ಕಿಲೋಮೀಟರು ಎಕ್ಸ್‌ಚೇಂಜುಗಳ ಹೊಣೆ. ಮುಖ್ಯ ಕಚೇರಿಗೆ ದೊಡ್ಡ ಸಂಪರ್ಕ ಬೇಕು: 32 ಪಾಲುಗಳು, ಅವುಗಳಲ್ಲಿ 30 ಕರೆಗಳಿಗೆ, ಒಂದು ತಾಳಕ್ಕೆ, ಒಂದು ಓಲೆಕಾರನಿಗೆ.

ಇನ್ನು ಯಂತ್ರವನ್ನು ಹೊಂದಿಸಬೇಕು. ಓಲೆಕಾರನ ನುಡಿ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಬಳಕೆಗೆ ಬಂದುದು ಯೂರೋಪಿನ ಕ್ರಮ. ಯಂತ್ರಕ್ಕೆ ಅಮೆರಿಕದ ನುಡಿಯನ್ನು ಹೇಳಿಕೊಟ್ಟರೆ ದೀಪವೇನೋ ಹೊತ್ತುವುದು, ಕರೆ ಮಾತ್ರ ಹೋಗದು. ಎರಡನೆಯದಾಗಿ, ಯಂತ್ರವು ತನ್ನ ಗಡಿಯಾರವನ್ನು ನಂಬದೆ ಎಕ್ಸ್‌ಚೇಂಜಿನ ತಾಳವನ್ನೇ ಅನುಸರಿಸಬೇಕು. ಎರಡು ಗಡಿಯಾರಗಳು ಅತ್ಯಲ್ಪ ವ್ಯತ್ಯಾಸದಿಂದ ನಡೆದರೂ ಆಗಾಗ ಒಂದು ಅಳತೆ ತಪ್ಪುವುದು. ಮಾತಿನಲ್ಲಿ ಅದು ಬರಿಯ ಚಿಟಕಿ. ಲೆಕ್ಕದಲ್ಲಿಯಾದರೋ ಒಂದು ಕಂತೆಯೇ ಕೆಟ್ಟು ಮತ್ತೆ ಕಳುಹಿಸಬೇಕಾಗುವುದು.

ಕಂಪ್ಯೂಟರುಗಳು ಕೆಲಸವಿಲ್ಲದಾಗಲೂ ತಮ್ಮತಮ್ಮಲ್ಲಿ ಹರಟುತ್ತಿರುವುವು. ಯಾವುದು ಕೆಲಸ, ಯಾವುದು ಹರಟೆ ಎಂಬುದನ್ನು ಯಂತ್ರಕ್ಕೆ ತಿಳಿಸದಿದ್ದರೆ ಅದು ಹರಟೆಗೂ ಕರೆ ಹೂಡಿ, ರಾತ್ರಿಯಿಡೀ ಶುಲ್ಕವನ್ನು ಏರಿಸುವುದು.

ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಒಂದು ಸೊನ್ನೆ. ಗುಬ್ಬಿಯ ಸಂಕೇತಸಂಖ್ಯೆ 08131, ಕುಣಿಗಲ್ಲಿನದು 08132. ಅನ್ಯರು ಒಳನುಗ್ಗದಂತೆ ಈ ಎರಡು ಶಾಖೆಗಳ ಸಂಖ್ಯೆಗಳಿಗೆ ಮಾತ್ರ ಉತ್ತರಿಸೆಂದು ತುಮಕೂರಿನ ಯಂತ್ರಕ್ಕೆ ಬರೆದಿಡುವುದುಂಟು. ಮೊದಲ ಸೊನ್ನೆಯಾದರೋ ಊರಿನ ಭಾಗವಲ್ಲ, ಹೊರಊರಿಗೆ ಕರೆಯೆಂದು ಎಕ್ಸ್‌ಚೇಂಜಿಗೆ ಕೊಡುವ ಸೂಚನೆ. ಕೆಲವೆಡೆ ಅದು ಉದುರಿ 8131 ಎಂದೇ ಸುದ್ದಿ ತಲುಪುವುದು. ಅಕ್ಷರಶಃ ಹೋಲಿಸುವ ಯಂತ್ರವು ಸ್ವಂತ ಶಾಖೆಯನ್ನೇ ಹೊರಗಟ್ಟುವುದು! ಆದುದರಿಂದ ಮೊದಲು ಒಂದು ಕರೆ ತರಿಸಿ, ಬಂದ ಸಂಖ್ಯೆಯನ್ನು ಕಣ್ಣಾರೆ ನೋಡಿ, ಅದನ್ನೇ ಬರೆಯಬೇಕು.

ಈ ಸುದ್ದಿ ಕರೆಯನ್ನು ಎತ್ತುವ ಮುನ್ನವೇ ಬರುವುದರಿಂದ ಇನ್ನೊಂದು ಅನುಕೂಲವೂ ಉಂಟು. ತುಮಕೂರಿನ ಯಂತ್ರವು ಗುಬ್ಬಿಯ ಕರೆಯನ್ನು ಗುರುತಿಸಿ, ಎತ್ತದೆಯೇ ನಿರಾಕರಿಸಿ, ತಾನಾಗಿ ತಿರುಗಿ ಕರೆಯುವಂತೆ ಹೊಂದಿಸಬಹುದು. ಎತ್ತದ ಕರೆಗೆ ಶುಲ್ಕವಿಲ್ಲ. ಶಾಖೆಗೆ ಕಾಸಿನ ಖರ್ಚಿಲ್ಲದೆ ದಾರಿ ತೆರೆಯುವುದು. ಮಿಸ್ಡ್ ಕಾಲ್ ಕೊಡುವುದನ್ನು ನಮ್ಮ ಜನ ಯಂತ್ರದಿಂದ ಕಲಿತರೋ, ಯಂತ್ರವು ನಮ್ಮ ಜನರಿಂದ ಕಲಿತಿತೋ!